ರೆಂಡರ್ ನಡೆಯುವಾಗ ಟೈಪಿಂಗ್ ತಡವರಿಸುತ್ತದೆ: ಲಿನಕ್ಸ್‌ನಲ್ಲಿ ಬೇರೆ ಸಿಪಿಯು ಶೆಡ್ಯೂಲರ್ ಹಾಕಬೇಕೇ?

ಗುತ್ತಲು_ಸ್ಟುಡಿಯೊ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಮದುವೆ, ನಾಮಕರಣ, ಬೀಗರೂಟದ ವಿಡಿಯೊ ಮಾಡಿಕೊಡುವ ಸಣ್ಣ ಸ್ಟುಡಿಯೊ ನನ್ನದು. ಎಡಿಟಿಂಗ್ ಎಲ್ಲವೂ ಉಬುಂಟು 24.04ರಲ್ಲಿ, ಕೆಡೆನ್‌ಲೈವ್ ಬಳಸಿ. ಯಂತ್ರದಲ್ಲಿ ಇರುವುದು ರೈಜೆನ್ 5 5600ಜಿ (ಆರು ಕೋರ್, ಹನ್ನೆರಡು ಥ್ರೆಡ್), 16 ಜಿಬಿ ರ್‍ಯಾಮ್, ಎಸ್‌ಎಸ್‌ಡಿ.

ಲಗ್ನದ ದಿನಗಳಲ್ಲಿ ಒಂದು ಮದುವೆಯ ವಿಡಿಯೊವನ್ನು ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೊ ಆಗಿಸುವ ಕೆಲಸಕ್ಕೆ) ಹಾಕಿ, ಅದು ನಡೆಯುತ್ತಿರುವಾಗಲೇ ಮುಂದಿನದರ ಶೀರ್ಷಿಕೆಗಳನ್ನು ಟೈಪ್ ಮಾಡುತ್ತೇನೆ. ತೊಂದರೆ ಬರುವುದು ಅಲ್ಲೇ. ‘ಶ್ರೀ’ ಎಂದು ಒತ್ತಿದರೆ ಮೊದಲು ‘ಶ’ ಮಾತ್ರ ಬಂದು ನಿಲ್ಲುತ್ತದೆ, ಒತ್ತಕ್ಷರವೂ ದೀರ್ಘವೂ ಆಮೇಲೆ ಒಟ್ಟಿಗೆ ಬಂದು ಬೀಳುತ್ತವೆ. ಬರಲಿಲ್ಲವೆಂದು ಮತ್ತೊಮ್ಮೆ ಒತ್ತಿದರೆ ಎರಡೆರಡು ಅಕ್ಷರ. ಹುಡುಗಿಯ ಕಡೆಯವರು ಪಕ್ಕದಲ್ಲಿ ಕುಳಿತು ಹೆಸರು ಓದಿ ಹೇಳುತ್ತಿರುತ್ತಾರೆ, ತೆರೆಯ ಮೇಲೆ ಅದು ತಪ್ಪುತಪ್ಪಾಗಿ ಮೂಡುತ್ತಿರುತ್ತದೆ.

ಈಗ ಕರ್ನೆಲ್ (ಲಿನಕ್ಸ್‌ನ ತಿರುಳು) ಬದಲಾಯಿಸದೆಯೇ ಬೇರೆ ಶೆಡ್ಯೂಲರ್, ಅಂದರೆ ಸಿಪಿಯು ಸರದಿ ಯಾವ ಕೆಲಸಕ್ಕೆ ಎಂದು ತೀರ್ಮಾನಿಸುವ ಭಾಗ, ಹಾಕಬಹುದು ಎಂದು ಕೇಳಿದ್ದೇನೆ. ಶೆಡ್-ಎಕ್ಸ್ಟ್ ಎಂದು ಅದರ ಹೆಸರು. ನನ್ನಂಥವರಿಗೆ ಅದರಿಂದ ಉಪಯೋಗವಿದೆಯೇ? ಇದ್ದರೆ ಯಾವುದನ್ನು ಹಾಕಬೇಕು, ಹೇಗೆ? ಕೆಲಸದ ಯಂತ್ರವಾದ್ದರಿಂದ ಅದು ಕೆಟ್ಟು ಕೂರುವಂತಿಲ್ಲ.

ಕುಕ್ಕರಹಳ್ಳಿ_ಏರಿ (ಮೈಸೂರು)

ಶೆಡ್ಯೂಲರ್‌ಗೆ ಕೈ ಹಾಕುವ ಮೊದಲು ಒಂದು ವಿಷಯ ಖಚಿತವಾಗಬೇಕು: ನಿಮ್ಮ ಯಂತ್ರ ಕಾಯುತ್ತಿರುವುದು ಯಾವುದಕ್ಕೆ? ಸಿಪಿಯುಗೋ, ಮೆಮೊರಿಗೋ, ಡಿಸ್ಕಿಗೋ? ತೆರೆಯ ಮುಂದೆ ಕುಳಿತವರಿಗೆ ಮೂರೂ ಒಂದೇ ಥರ ‘ನಿಧಾನ’ ಎಂದು ಕಾಣುತ್ತವೆ. ಆದರೆ ಶೆಡ್ಯೂಲರ್ ಏನಾದರೂ ಮಾಡಬಲ್ಲದ್ದು ಮೊದಲನೆಯದರ ವಿಷಯದಲ್ಲಿ ಮಾತ್ರ.

ಕರ್ನೆಲ್ ಇದನ್ನು ತಾನೇ ಅಳೆದು ಇಟ್ಟಿರುತ್ತದೆ. ‘ಪ್ರೊಕ್’ ಫೋಲ್ಡರ್‌ನ ಒಳಗೆ ‘ಪ್ರೆಷರ್’ ಎಂಬ ಫೋಲ್ಡರ್ ಇದೆ, ಅದರಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಮೂರು ಫೈಲ್‌ಗಳಿವೆ. 2018ರ ಕೊನೆಯಲ್ಲಿ ಬಂದ 4.20 ಕರ್ನೆಲ್‌ನಿಂದ ಈ ಸೌಲಭ್ಯವಿದೆ. ರೆಂಡರ್ ನಡೆಯುತ್ತಿರುವಾಗ, ಅಕ್ಷರ ಸಿಕ್ಕಿಕೊಳ್ಳುವ ಹೊತ್ತಿನಲ್ಲೇ, ಮೂರನ್ನೂ ‘ಕ್ಯಾಟ್’ ಆದೇಶದಿಂದ ತೆರೆದು ನೋಡಿ. ‘ಸಮ್’ ಎಂಬ ಸಾಲಿನಲ್ಲಿ ಎವಿಜಿ10 ಎಂದು ಒಂದು ಅಂಕಿ ಇರುತ್ತದೆ. ಕಳೆದ ಹತ್ತು ಸೆಕೆಂಡಿನಲ್ಲಿ ಶೇಕಡಾ ಎಷ್ಟು ಹೊತ್ತು ಕನಿಷ್ಠ ಒಂದು ಕೆಲಸವಾದರೂ ಆ ಸಂಪನ್ಮೂಲಕ್ಕಾಗಿ ಕಾದು ನಿಂತಿತ್ತು ಎಂಬುದು ಅದರ ಅರ್ಥ. ಆ ಮೂರು ಅಂಕಿಗಳನ್ನು ಇಲ್ಲಿ ಹಾಕಿ. ಯಂತ್ರದ ತಾಪಮಾನವನ್ನೂ ಹೇಳಿ. ಬಿಸಿಯೇರಿದ ಸಿಪಿಯು ತನ್ನ ವೇಗವನ್ನು ತಾನೇ ಇಳಿಸಿಕೊಂಡಿದ್ದರೆ ಯಾವ ಶೆಡ್ಯೂಲರ್ ಹಾಕಿದರೂ ಪ್ರಯೋಜನವಿಲ್ಲ.

ಸರಸ್ವತಿಪುರಂ_ವಿದ್ಯಾರ್ಥಿ

ಸರ್, ನಾನು ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದೇನೆ. ಬೋರ್ ಎಂಬ ಶೆಡ್ಯೂಲರ್ ಬಗ್ಗೆಯೂ ಓದಿದ್ದೇನೆ. ಅದಕ್ಕೂ ಶೆಡ್-ಎಕ್ಸ್ಟ್‌ಗೂ ಏನು ವ್ಯತ್ಯಾಸ? ತರಗತಿಯಲ್ಲಿ ಲಿನಕ್ಸ್‌ನ ಹಳೆಯ ಶೆಡ್ಯೂಲರ್ ಆದ ಸಿಎಫ್‌ಎಸ್‌ವರೆಗೆ ಮಾತ್ರ ಹೇಳಿಕೊಟ್ಟಿದ್ದಾರೆ.

ಕುಕ್ಕರಹಳ್ಳಿ_ಏರಿ (ಮೈಸೂರು)

ಸಿಎಫ್‌ಎಸ್ ಬಂದದ್ದು 2007ರಲ್ಲಿ, 2.6.23 ಕರ್ನೆಲ್‌ನೊಂದಿಗೆ. ಬರೆದವರು ಇಂಗೊ ಮೊಲ್ನಾರ್. ಹದಿನಾರು ವರ್ಷ ಅದೇ ನಡೆಯಿತು. ಅದರ ಜಾಗಕ್ಕೆ 2023ರ ಅಕ್ಟೋಬರ್‌ನಲ್ಲಿ, 6.6 ಕರ್ನೆಲ್‌ನಲ್ಲಿ ಇಇವಿಡಿಎಫ್ ಬಂತು. ಪೀಟರ್ ಜಿಲ್‌ಸ್ಟ್ರಾ ಅದನ್ನು ತಂದರು, ಆದರೆ ಅದರ ಮೂಲ ಚಿಂತನೆ 1995ರಷ್ಟು ಹಳೆಯದು, ಇಯೋನ್ ಸ್ಟೊಯಿಕಾ ಮತ್ತು ಹುಸೇನ್ ಅಬ್ದೆಲ್-ವಹಾಬ್ ಅವರದು.

ಮಂಡ್ಯದವರು ಇರುವುದರಿಂದ ಹೀಗೆ ಹೇಳುತ್ತೇನೆ. ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿ ಎಲ್ಲವೂ ತೂಕಕ್ಕೆ ಕಾಯುತ್ತಿವೆ ಎಂದುಕೊಳ್ಳಿ. ಸಿಎಫ್‌ಎಸ್ ನೋಡುತ್ತಿದ್ದುದು ಇದುವರೆಗೆ ಯಾರಿಗೆ ಕಡಿಮೆ ಸಿಕ್ಕಿದೆ ಎಂಬುದನ್ನು. ಅವರನ್ನು ಮುಂದಕ್ಕೆ ಬಿಡುತ್ತಿತ್ತು. ಇಇವಿಡಿಎಫ್ ಎರಡು ಪ್ರಶ್ನೆ ಕೇಳುತ್ತದೆ. ಮೊದಲನೆಯದು, ತಮ್ಮ ಪಾಲಿಗಿಂತ ಹೆಚ್ಚು ಪಡೆಯದವರು ಯಾರು? ಎರಡನೆಯದು, ಅಂಥವರಲ್ಲಿ ಯಾರ ಗಡುವು ಹತ್ತಿರದಲ್ಲಿದೆ? ಒಂದೇ ಹೊರೆ ತಂದ ಗಾಡಿಯ ಗಡುವು ಬೇಗ ಬರುತ್ತದೆ, ಹತ್ತು ಟನ್ ತಂದ ಲಾರಿಯದು ತಡವಾಗಿ. ಒಟ್ಟು ಪಾಲು ಯಾರಿಗೂ ತಪ್ಪುವುದಿಲ್ಲ, ಸರದಿಯ ಕ್ರಮವಷ್ಟೇ ಬದಲಾಗುತ್ತದೆ.

ಬೋರ್ ಪೂರ್ತಿ ಬೇರೆಯದೇ ಶೆಡ್ಯೂಲರ್ ಅಲ್ಲ. ಇದೇ ನ್ಯಾಯದ ಲೆಕ್ಕಾಚಾರದ ಮೇಲೆ ಹಾಕುವ ಒಂದು ತೇಪೆ. ಒಂದು ಕೆಲಸ ತಾನಾಗಿ ಸಿಪಿಯು ಬಿಟ್ಟುಕೊಡದೆ ಎಷ್ಟು ಹೊತ್ತು ಒಂದೇ ಸಮನೆ ಓಡುತ್ತದೆ ಎಂಬುದನ್ನು ಅಳೆದು, ಹೆಚ್ಚು ಓಡುವವರನ್ನು ತುಸು ಹಿಂದಕ್ಕೆ ಸರಿಸುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಬೇಕಿದ್ದರೆ ತೇಪೆ ಹಾಕಿ ಕರ್ನೆಲ್ ಅನ್ನು ನೀವೇ ಕಟ್ಟಬೇಕು, ಇಲ್ಲವೇ ಅದನ್ನು ಸೇರಿಸಿಯೇ ಕೊಡುವ ಕ್ಯಾಶಿಒಎಸ್‌ನಂಥ ವಿತರಣೆ ಬಳಸಬೇಕು. ಕಾನ್ ಕೊಲಿವಾಸ್ ಅವರ ಬಿಎಫ್‌ಎಸ್ (2009), ಅದರ ಉತ್ತರಾಧಿಕಾರಿ ಮಕ್ಸ್ (2016) ಎರಡರ ಪಾಡೂ ಇದೇ ಆಗಿತ್ತು. ವೃತ್ತಿಯಲ್ಲಿ ಅರಿವಳಿಕೆ ತಜ್ಞರಾದ ಅವರು ವರ್ಷಗಟ್ಟಲೆ ಪ್ರತಿ ಹೊಸ ಕರ್ನೆಲ್‌ಗೂ ತಮ್ಮ ತೇಪೆಯನ್ನು ಹೊಂದಿಸುತ್ತಲೇ ಇದ್ದರು, 2021ರಲ್ಲಿ ನಿಲ್ಲಿಸಿದರು. ಡೆಸ್ಕ್‌ಟಾಪ್ ಬಳಸುವವರ ತೊಂದರೆಯನ್ನು ಅಷ್ಟು ದೊಡ್ಡ ದನಿಯಲ್ಲಿ ಹೇಳಿದವರು ಕಡಿಮೆ. ಅವರ ಬಗ್ಗೆ ನನಗೆ ಬಹಳ ಗೌರವವಿದೆ.

2024ರ ನವೆಂಬರ್‌ನಲ್ಲಿ 6.12 ಕರ್ನೆಲ್‌ನೊಂದಿಗೆ ಬಂದ ಶೆಡ್-ಎಕ್ಸ್ಟ್ ಈ ಕಷ್ಟವನ್ನೇ ತೆಗೆದುಹಾಕಿತು. ಶೆಡ್ಯೂಲರ್ ಅನ್ನು ಬಿಪಿಎಫ್ ಪ್ರೋಗ್ರಾಮ್ (ಕರ್ನೆಲ್ ತಪಾಸಣೆ ಮಾಡಿ ತನ್ನೊಳಗೆ ಓಡಿಸುವ ಸಣ್ಣ ಪ್ರೋಗ್ರಾಮ್) ಆಗಿ ಬರೆದು, ಓಡುತ್ತಿರುವ ಕರ್ನೆಲ್‌ಗೆ ಸೇರಿಸಬಹುದು, ಬೇಡವಾದಾಗ ತೆಗೆಯಬಹುದು. ಯಂತ್ರವನ್ನು ಮರುಚಾಲನೆ ಮಾಡಬೇಕಿಲ್ಲ. ಟೆಜುನ್ ಹಿಯೊ, ಡೇವಿಡ್ ವೆರ್ನೆಟ್ ಮೊದಲಾದವರು ಮೆಟಾದಲ್ಲಿದ್ದುಕೊಂಡು ಇದನ್ನು ಬೆಳೆಸಿದರು. ಮುಖ್ಯ ಕರ್ನೆಲ್‌ಗೆ ಸೇರಿಸಬೇಕೇ ಬೇಡವೇ ಎಂಬ ವಾದ ಬಹಳ ಕಾಲ ನಡೆದು, ಕೊನೆಗೆ ಲೀನಸ್ ಟೊರ್ವಾಲ್ಡ್ಸ್ ಸೇರಿಸುವ ತೀರ್ಮಾನ ತೆಗೆದುಕೊಂಡರು.

ಪಾಂಡವಪುರ

ಇಷ್ಟೆಲ್ಲ ಏಕೆ ಬೇಕು? ರೆಂಡರ್ ಕೆಲಸದ ನೈಸ್ ಮೌಲ್ಯವನ್ನು (ಇದು ಹೆಚ್ಚಿದಷ್ಟೂ ಸಿಪಿಯು ಸರದಿಯಲ್ಲಿ ಆದ್ಯತೆ ಕಡಿಮೆ) 19 ಮಾಡಿದರೆ ಮುಗಿಯಿತು. ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಶೆಡ್ಯೂಲರ್ ಎಂದ ತಕ್ಷಣ ಎಲ್ಲರೂ ಅದರ ಹಿಂದೆ ಓಡುತ್ತಾರೆ, ಮೂವತ್ತು ವರ್ಷದಿಂದ ಇರುವ ಉಪಕರಣವನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಅನ್ನ ಕೊಡುವ ಯಂತ್ರದ ಮೇಲೆ ಪ್ರಯೋಗ ಬೇಡ ಎಂಬುದು ನನ್ನ ಅಭಿಪ್ರಾಯ.

ಗುತ್ತಲು_ಸ್ಟುಡಿಯೊ (ಮಂಡ್ಯ)

ಅಂಕಿಗಳು ಇಲ್ಲಿವೆ. ರೆಂಡರ್ ನಡೆಯುವಾಗ ಸಿಪಿಯು 60ರ ಆಸುಪಾಸು, ಮೆಮೊರಿ 0, ಐಒ 1ಕ್ಕಿಂತ ಕಡಿಮೆ. ತಾಪಮಾನ 74 ಡಿಗ್ರಿ, ವೇಗ ಇಳಿದಿಲ್ಲ. ‘ಟಾಪ್’ ತೆರೆದರೆ ಮೇಲುಗಡೆ ‘ಮೆಲ್ಟ್’ ಎಂಬ ಹೆಸರು ಸಿಪಿಯು ಪೂರ್ತಿ ಹಿಡಿದುಕೊಂಡಿರುತ್ತದೆ. ಕೆಡೆನ್‌ಲೈವ್ ಅದರ ಕೆಳಗೆ ಎಲ್ಲೋ ಇದೆ.

ಕುಕ್ಕರಹಳ್ಳಿ_ಏರಿ (ಮೈಸೂರು)

ಹಾಗಾದರೆ ನಿಮ್ಮದು ನಿಜವಾಗಿಯೂ ಸಿಪಿಯು ಸರದಿಯ ಸಮಸ್ಯೆ. ಪಾಂಡವಪುರದವರು ಹೇಳಿದ್ದು ಸರಿ, ನೈಸ್‌ನಿಂದಲೇ ಶುರು ಮಾಡಿ. ಆದರೆ ಅದು ನಿಮ್ಮ ಯಂತ್ರದಲ್ಲಿ ಏಕೆ ಕೆಲಸ ಮಾಡುತ್ತದೆ ಎಂಬುದನ್ನೂ ತಿಳಿದುಕೊಂಡಿರಿ, ಏಕೆಂದರೆ ಬೇರೆ ಕಡೆ ಇದೇ ನೈಸ್ ಏನೂ ಮಾಡದಿರುವುದುಂಟು.

2011ರಲ್ಲಿ ಬಂದ 2.6.38 ಕರ್ನೆಲ್‌ನಿಂದ ಲಿನಕ್ಸ್‌ನಲ್ಲಿ ಆಟೋಗ್ರೂಪ್ ಎಂಬ ಏರ್ಪಾಡು ಇದೆ. ಪ್ರತಿ ಸೆಷನ್ ಒಂದು ಗುಂಪು. ಗುಂಪುಗಳ ನಡುವೆ ಸಮಪಾಲು. ನೈಸ್ ಮೌಲ್ಯ ಲೆಕ್ಕಕ್ಕೆ ಬರುವುದು ಒಂದೇ ಗುಂಪಿನ ಒಳಗೆ ಮಾತ್ರ. ಒಂದು ಟರ್ಮಿನಲ್‌ನಲ್ಲಿ ನೈಸ್ 19 ಕೊಟ್ಟು ಓಡಿಸಿದ ಕೆಲಸ, ಇನ್ನೊಂದು ಟರ್ಮಿನಲ್‌ನ ಕೆಲಸಕ್ಕೆ ದಾರಿ ಬಿಡದಿರಬಹುದು. ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಮಾಡುವ ಸಿಗ್ರೂಪ್‌ಗಳ (ಕೆಲಸಗಳ ಗುಂಪುಗಳ) ನಡುವೆಯೂ ಇದೇ ಕಥೆ.

ನಿಮ್ಮ ವಿಷಯದಲ್ಲಿ ಅನುಕೂಲ ಏನೆಂದರೆ, ರೆಂಡರ್ ಮಾಡುವ ಮೆಲ್ಟ್ ಹುಟ್ಟುವುದು ಕೆಡೆನ್‌ಲೈವ್‌ನ ಹೊಟ್ಟೆಯಿಂದಲೇ. ಎರಡೂ ಒಂದೇ ಗುಂಪಿನಲ್ಲಿವೆ, ಪೈಪೋಟಿ ನಡೆಯುತ್ತಿರುವುದೂ ಅಲ್ಲೇ. ಹನ್ನೆರಡು ಎನ್‌ಕೋಡರ್ ಥ್ರೆಡ್‌ಗಳು ಒಂದು ಕಡೆ, ನಿಮ್ಮ ಅಕ್ಷರ ಬರೆಯಬೇಕಾದ ಒಂದು ಥ್ರೆಡ್ ಇನ್ನೊಂದು ಕಡೆ. ನೈಸ್ 0 ಇರುವ ಕೆಲಸದ ತೂಕ ಕರ್ನೆಲ್‌ನ ಲೆಕ್ಕದಲ್ಲಿ 1024, ನೈಸ್ 19ರ ತೂಕ 15. ಒಂದೇ ಕೋರ್‌ಗಾಗಿ ಇಬ್ಬರೂ ನಿಂತರೆ ಎನ್‌ಕೋಡರ್‌ಗೆ ಸಿಗುವುದು ಶೇಕಡಾ ಒಂದೂವರೆಯಷ್ಟು. ಬೇರೆ ಯಾರೂ ಕೇಳದಿದ್ದಾಗ ಪೂರ್ತಿ ಅದಕ್ಕೇ ಸಿಗುತ್ತದೆ, ಹಾಗಾಗಿ ರೆಂಡರ್ ಹೆಚ್ಚು ಹಿಂದುಳಿಯುವುದಿಲ್ಲ.

ರೆಂಡರ್ ಶುರುವಾದ ಮೇಲೆ ‘ಪಿಗ್ರೆಪ್’ನಿಂದ, ‘ಡಬ್ಲ್ಯು’ ಆಯ್ಕೆ ಕೊಟ್ಟು, ಮೆಲ್ಟ್‌ನ ಎಲ್ಲ ಥ್ರೆಡ್‌ಗಳ ಸಂಖ್ಯೆ ತಿಳಿದು ‘ರೆನೈಸ್’ ಆದೇಶದಿಂದ ಎಲ್ಲಕ್ಕೂ 19 ಕೊಡಿ. ಲಿನಕ್ಸ್‌ನಲ್ಲಿ ನೈಸ್ ಥ್ರೆಡ್‌ಗೆ ಒಂದರಂತೆ ಇರುವುದರಿಂದ, ಮುಖ್ಯ ಸಂಖ್ಯೆಯೊಂದಕ್ಕೇ ಕೊಟ್ಟರೆ ಆಗಲೇ ಓಡುತ್ತಿರುವ ಉಳಿದ ಥ್ರೆಡ್‌ಗಳಿಗೆ ತಟ್ಟುವುದಿಲ್ಲ. ಹೀಗೆ ಆದ್ಯತೆ ಇಳಿಸಲು ಆಡಳಿತಗಾರರ ಹಕ್ಕು ಬೇಡ, ಮತ್ತೆ ಏರಿಸಲು ಬೇಕು. ಒಂದು ಎಚ್ಚರಿಕೆ: ಇಡೀ ಕೆಡೆನ್‌ಲೈವ್‌ಗೆ ಸಿಸ್ಟಮ್‌ಡಿಯ ಸಿಪಿಯು-ವೇಯ್ಟ್ (ಇಡೀ ಗುಂಪಿನ ತೂಕ) ಕಡಿಮೆ ಮಾಡಲು ಹೋಗಬೇಡಿ. ಎರಡೂ ಒಂದೇ ಗುಂಪಿನಲ್ಲಿರುವುದರಿಂದ ರೆಂಡರ್ ಜೊತೆಗೆ ನೀವು ಟೈಪ್ ಮಾಡುವ ಕಿಟಕಿಯೂ ಹಿಂದೆ ಬೀಳುತ್ತದೆ.

ಒಂಟಿಕೊಪ್ಪಲು

ನಾನೊಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯ ನೋಡಿಕೊಳ್ಳುತ್ತೇನೆ. 4 ಜಿಬಿ ರ್‍ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಗಳು, ಡೆಬಿಯನ್ 12. ಬ್ರೌಸರ್ ಮತ್ತು ಕೋಡ್ ಎಡಿಟರ್ ಒಟ್ಟಿಗೆ ತೆರೆದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಇದಕ್ಕೂ ಹೊಸ ಶೆಡ್ಯೂಲರ್ ಸಹಾಯ ಮಾಡೀತೇ ಎಂದು ಕೇಳಲು ಬಂದೆ, ಮೊದಲು ನೀವು ಹೇಳಿದ ಫೈಲ್‌ಗಳನ್ನೇ ನೋಡಿದೆ. ಸಿಪಿಯು 5, ಮೆಮೊರಿ 45, ಐಒ 50ಕ್ಕಿಂತ ಮೇಲೆ.

ಇದರ ಜೊತೆಗೆ, ವಿದ್ಯಾರ್ಥಿಗಳೆಲ್ಲರೂ ಎಸ್‌ಎಸ್‌ಎಚ್ ಮೂಲಕ ಒಳಬಂದು ಸಿ ಪ್ರೋಗ್ರಾಮ್ ಓಡಿಸುವ ಒಂದು ಸರ್ವರ್ ಇದೆ. ಯಾರಾದರೊಬ್ಬರ ಪ್ರೋಗ್ರಾಮ್ ಕೊನೆಯಿಲ್ಲದ ಲೂಪ್‌ನಲ್ಲಿ ಸಿಕ್ಕಿಕೊಂಡರೆ ಪಾಪ, ಉಳಿದವರೆಲ್ಲರ ಕೆಲಸವೂ ನಿಂತಂತೆಯೇ.

ಕುಕ್ಕರಹಳ್ಳಿ_ಏರಿ (ಮೈಸೂರು)

ಮೇಡಂ, ಮೊದಲನೆಯದಕ್ಕೆ ಶೆಡ್ಯೂಲರ್‌ನಿಂದ ಏನೂ ಆಗುವುದಿಲ್ಲ. ಯಂತ್ರ ಕಾಯುತ್ತಿರುವುದು ಸ್ವಾಪ್‌ಗೆ, ಅಂದರೆ ರ್‍ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ. ಝಡ್‌ರ್‍ಯಾಮ್ ಹಾಕಿ, ಅದು ಮೆಮೊರಿಯ ಪುಟಗಳನ್ನು ಕುಗ್ಗಿಸಿ ರ್‍ಯಾಮ್‌ನಲ್ಲೇ ಇಡುತ್ತದೆ, ಡಿಸ್ಕಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ಹಣ ಮಂಜೂರಾದರೆ ಮೊದಲು ಎಸ್‌ಎಸ್‌ಡಿ, ನಂತರ ಇನ್ನೊಂದು 4 ಜಿಬಿ.

ಸರ್ವರ್ ವಿಷಯ ಬೇರೆ, ಅಲ್ಲಿ ಶೆಡ್ಯೂಲರ್‌ನ ಪಾತ್ರ ಇದ್ದೇ ಇದೆ. ಆದರೆ ನಿಮಗೆ ಬೇಕಾದ್ದು ಡೀಫಾಲ್ಟ್ ಶೆಡ್ಯೂಲರೇ. ಹೊಸದನ್ನು ದಯವಿಟ್ಟು ಹಾಕಬೇಡಿ. ಸಿಎಫ್‌ಎಸ್ ಮತ್ತು ಇಇವಿಡಿಎಫ್ ಎರಡಕ್ಕೂ ಗುಂಪುಗಳ ನಡುವೆ ಪಾಲು ಹಂಚುವುದು ಗೊತ್ತು. ಸಿಸ್ಟಮ್‌ಡಿ ಪ್ರತಿ ಬಳಕೆದಾರರಿಗೂ ಸ್ಲೈಸ್ ಎಂಬ ಒಂದೊಂದು ಗುಂಪು ಮಾಡಿರುತ್ತದೆ. ‘ಯೂಸರ್’ ಸ್ಲೈಸ್‌ಗಳ ಸಾಮಾನ್ಯ ಸಂರಚನೆಗೆ ಸಿಪಿಯು-ವೇಯ್ಟ್ 100 ಎಂದು ಒಂದು ಸಾಲು ಸೇರಿಸಿದರೆ, ಒಬ್ಬ ವಿದ್ಯಾರ್ಥಿ ಐವತ್ತು ಲೂಪ್ ಓಡಿಸಿದರೂ ಅವನಿಗೆ ಸಿಗುವುದು ಒಬ್ಬನ ಪಾಲು. ಬೇಕಿದ್ದರೆ ಸಿಪಿಯು-ಕೋಟಾ ಕೂಡ ಕೊಟ್ಟು ಒಂದು ಮೇಲ್ಮಿತಿ ಹಾಕಬಹುದು.

ಶೆಡ್-ಎಕ್ಸ್ಟ್‌ನ ಬಹುತೇಕ ಡೆಸ್ಕ್‌ಟಾಪ್ ಶೆಡ್ಯೂಲರ್‌ಗಳು ಈ ಗುಂಪಿನ ತೂಕವನ್ನು ನೋಡುವುದೇ ಇಲ್ಲ. 6.12 ಕರ್ನೆಲ್‌ನಲ್ಲಿ ಅಂಥದ್ದೊಂದನ್ನು ಹಾಕಿದಾಗ, ಈ ಶೆಡ್ಯೂಲರ್ ಸಿಗ್ರೂಪ್‌ನ ಸಿಪಿಯು ತೂಕವನ್ನು ಜಾರಿಗೊಳಿಸುವುದಿಲ್ಲ ಎಂಬ ಎಚ್ಚರಿಕೆ ಕರ್ನೆಲ್ ಲಾಗ್‌ನಲ್ಲಿ ಬರುತ್ತದೆ. ಅದನ್ನು ಓದದೆ ಮುಂದೆ ಹೋದರೆ, ವರ್ಷಗಳಿಂದ ಕಾಪಾಡಿಕೊಂಡು ಬಂದ ನ್ಯಾಯದ ಹಂಚಿಕೆ ಆ ಕ್ಷಣದಲ್ಲಿ ಇಲ್ಲವಾಗಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಂಚಿಕೊಂಡು ಬಳಸುವ ಯಂತ್ರದಲ್ಲಿ ಇದು ಸಣ್ಣ ಮಾತಲ್ಲ.

ಪಾಂಡವಪುರ

ಈ ಎಚ್ಚರಿಕೆಯ ವಿಷಯ ನನಗೆ ಹೊಸದು, ಉಪಯುಕ್ತವಾಯಿತು. ನಮ್ಮಲ್ಲಿ ಕಂಟೇನರ್‌ಗಳ ಹಂಚಿಕೆ ಪೂರ್ತಿ ಸಿಗ್ರೂಪ್ ತೂಕದ ಮೇಲೆಯೇ ನಿಂತಿದೆ.

ಗುತ್ತಲು_ಸ್ಟುಡಿಯೊ (ಮಂಡ್ಯ)

ರೆನೈಸ್ ಮಾಡಿ ನೋಡಿದೆ. ಅಕ್ಷರ ಸಿಕ್ಕಿಕೊಳ್ಳುವುದು ಹೆಚ್ಚುಕಡಿಮೆ ನಿಂತೇ ಹೋಯಿತು. ಇಷ್ಟು ಸುಲಭದ ಕೆಲಸ ಎಂದುಕೊಂಡಿರಲಿಲ್ಲ, ಇಬ್ಬರಿಗೂ ಧನ್ಯವಾದ. ಆದರೆ ಶೀರ್ಷಿಕೆಯ ಹಿಂದೆ ಹೂಮಳೆ, ಮಿನುಗು ಮುಂತಾದ ಎಫೆಕ್ಟ್ ಹಾಕಿ ಪ್ರಿವ್ಯೂ ಓಡಿಸಿಕೊಂಡೇ ಟೈಪ್ ಮಾಡಿದರೆ ಈಗಲೂ ತಡವರಿಸುತ್ತದೆ. ಆಗ ಪ್ರಿವ್ಯೂ ಕೂಡ ಹಲವು ಥ್ರೆಡ್ ಬಳಸುತ್ತದೆ. ಅದಕ್ಕೆ ಪ್ರತ್ಯೇಕವಾಗಿ ನೈಸ್ ಕೊಡುವುದು ಕಷ್ಟ, ಅದು ಕೆಡೆನ್‌ಲೈವ್ ಒಳಗೇ ಇದೆ. ಈ ಒಂದು ಸಂದರ್ಭಕ್ಕಾದರೂ ಶೆಡ್-ಎಕ್ಸ್ಟ್ ಪ್ರಯತ್ನಿಸಬಹುದೇ?

ಕುಕ್ಕರಹಳ್ಳಿ_ಏರಿ (ಮೈಸೂರು)

ಖಂಡಿತ ಪ್ರಯತ್ನಿಸಿ. ಇದು ಸರಿಯಾದ ಸಂದರ್ಭ.

ನೀವು ಕನ್ನಡದಲ್ಲಿ ಒಂದು ಕೀಲಿ ಒತ್ತಿದಾಗ ಏನಾಗುತ್ತದೆ ನೋಡಿ. ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮೂಲಕ ಟೈಪ್ ಮಾಡುತ್ತಿದ್ದರೆ, ಒತ್ತಿದ್ದು ಮೊದಲು ಕಿಟಕಿಗಳನ್ನು ಜೋಡಿಸುವ ಕಾಂಪೊಸಿಟರ್‌ಗೆ, ಅಲ್ಲಿಂದ ಐಬಸ್‌ಗೆ, ಅದರಿಂದ ಕನ್ನಡದ ಎಂಜಿನ್‌ಗೆ ಹೋಗುತ್ತದೆ. ಎಂಜಿನ್ ಅಕ್ಷರ ಕೂಡಿಸಿ ಹಿಂದಿರುಗಿಸುತ್ತದೆ, ಕೆಡೆನ್‌ಲೈವ್ ಅದನ್ನು ಬರೆಯುತ್ತದೆ, ಕಾಂಪೊಸಿಟರ್ ತೆರೆಗೆ ತರುತ್ತದೆ. ಪ್ರತಿ ಹಂತದಲ್ಲೂ ಒಂದು ಪ್ರಕ್ರಿಯೆ ಇನ್ನೊಂದನ್ನು ಎಬ್ಬಿಸಬೇಕು, ಎದ್ದದ್ದು ಸಿಪಿಯುಗೆ ಸರದಿ ನಿಲ್ಲಬೇಕು. ಒಂದೊಂದು ಕಡೆ ಕೆಲವೇ ಮಿಲಿಸೆಕೆಂಡ್ ಕಾದರೂ ಎಲ್ಲ ಸೇರಿ ಕಣ್ಣಿಗೆ ಕಾಣುವಷ್ಟಾಗುತ್ತದೆ. ಇಂಗ್ಲಿಷ್‌ನಲ್ಲಿ ನೇರವಾಗಿ ಟೈಪ್ ಮಾಡುವವರಿಗೆ ಈ ಸರಪಳಿ ಗಿಡ್ಡವಾಗಿರುತ್ತದೆ. ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಶೆಡ್ಯೂಲರ್‌ನ ಗುಣ ಹೆಚ್ಚು ತಟ್ಟುವುದು ಈ ಕಾರಣಕ್ಕೆ, ಆದ್ದರಿಂದ ನಾವೇ ಇದನ್ನು ಪರೀಕ್ಷಿಸಿ ಹೇಳಬೇಕು ಎಂಬುದು ನನ್ನ ಆಸೆ.

ಇಗಾಲಿಯಾ ಸಂಸ್ಥೆಯ ಚಾಂಗ್‌ವೂ ಮಿನ್ ಬರೆದ ಎಲ್‌ಎವಿಡಿ ಎಂಬ ಶೆಡ್ಯೂಲರ್ ನೋಡುವುದು ನೇರವಾಗಿ ಈ ಸರಪಳಿಯನ್ನೇ. ಒಂದು ಕೆಲಸ ಎಷ್ಟು ಬಾರಿ ಇತರರನ್ನು ಎಬ್ಬಿಸುತ್ತದೆ, ಎಷ್ಟು ಬಾರಿ ತಾನು ಎಬ್ಬಿಸಲ್ಪಡುತ್ತದೆ, ಎದ್ದಾಗ ಎಷ್ಟು ಹೊತ್ತು ಓಡುತ್ತದೆ ಎಂಬುದನ್ನು ಅಳೆಯುತ್ತದೆ. ಸರಪಳಿಯ ನಡುವೆ ಇರುವವರಿಗೆ ಹತ್ತಿರದ ಗಡುವು ಕೊಡುತ್ತದೆ. ಸ್ಟೀಮ್ ಡೆಕ್‌ನಲ್ಲಿ ಆಟಗಳು ತಡವರಿಸದಿರಲೆಂದು ಬರೆದದ್ದು, ಆದರೆ ತತ್ವ ಇಲ್ಲಿಗೂ ಹೊಂದುತ್ತದೆ. ಇನ್ನೊಂದು, ಆಂಡ್ರಿಯಾ ರಿಘಿ ಅವರ ಬಿಪಿಎಫ್‌ಲ್ಯಾಂಡ್. ಆಗಾಗ ತಾವಾಗಿಯೇ ನಿದ್ದೆಗೆ ಹೋಗುವ ಕೆಲಸಗಳನ್ನು ಬಳಕೆದಾರರಿಗೆ ಹತ್ತಿರದವು ಎಂದು ಗುರುತಿಸಿ ಮುಂದಕ್ಕೆ ಬಿಡುತ್ತದೆ. ಸರಳ, ಸ್ಥಿರ. ರಸ್ಟಿ, ಲೇಯರ್ಡ್ ಮುಂತಾದವು ದೊಡ್ಡ ಯಂತ್ರಗಳಿಗೆ. ನಿಮಗೆ ಬೇಡ.

ಹಾಕುವ ಕ್ರಮ ಹೀಗೆ. ‘ಯುನೇಮ್’ ಆದೇಶದಿಂದ ಕರ್ನೆಲ್ ಆವೃತ್ತಿ ನೋಡಿ. ಉಬುಂಟು 24.04 ಬಿಡುಗಡೆಯಾದಾಗ ಇದ್ದದ್ದು 6.8, ಅದರಲ್ಲಿ ಆಗುವುದಿಲ್ಲ. ಎಚ್‌ಡಬ್ಲ್ಯುಇ ಎಂಬ ಹೊಸ ಯಂತ್ರಾಂಶದ ಕರ್ನೆಲ್ ಸರಣಿ ಹಾಕಿಕೊಂಡಿದ್ದರೆ 6.14 ಅಥವಾ ಅದಕ್ಕಿಂತ ಮೇಲಿನದು ಬಂದಿರುತ್ತದೆ. ‘ಬೂಟ್’ ಫೋಲ್ಡರ್‌ನಲ್ಲಿ ಅದೇ ಆವೃತ್ತಿಯ ಕಾನ್ಫಿಗ್ ಫೈಲ್ ಇದೆ. ಅದರಲ್ಲಿ ‘ಶೆಡ್ ಕ್ಲಾಸ್ ಎಕ್ಸ್ಟ್’ ಎಂಬ ಆಯ್ಕೆಯ ಮುಂದೆ ‘ವೈ’ ಇರಬೇಕು. ಇನ್ನೂ ಸುಲಭದ ಪರೀಕ್ಷೆ ಬೇಕೆಂದರೆ, ‘ಸಿಸ್’ ಒಳಗಿನ ‘ಕರ್ನೆಲ್’ ಫೋಲ್ಡರ್‌ನಲ್ಲಿ ‘ಶೆಡ್-ಎಕ್ಸ್ಟ್’ ಎಂಬ ಫೋಲ್ಡರ್ ಇದ್ದರೆ ಸೌಲಭ್ಯ ಇದೆ ಎಂದೇ ಅರ್ಥ. ಅದರೊಳಗೆ ‘ಸ್ಟೇಟ್’ ಎಂಬ ಫೈಲ್ ಇರುತ್ತದೆ, ಈಗ ತೆರೆದರೆ ‘ಡಿಸೇಬಲ್ಡ್’ ಎಂದು ತೋರಿಸುತ್ತದೆ.

ಶೆಡ್ಯೂಲರ್‌ಗಳು ಆರ್ಚ್‌ನಲ್ಲಿ ‘ಎಸ್‌ಸಿಎಕ್ಸ್-ಶೆಡ್ಸ್’ ಎಂಬ ಪ್ಯಾಕೇಜ್ ಆಗಿಯೇ ಸಿಗುತ್ತವೆ. ನಿಮ್ಮ ಉಬುಂಟುವಿನಲ್ಲಿ ಎಸ್‌ಸಿಎಕ್ಸ್ ಯೋಜನೆಯ ಮೂಲ ಕೋಡ್ ತಂದು ಕಟ್ಟಿಕೊಳ್ಳಬಹುದು. ರಸ್ಟ್‌ನ ಕಾರ್ಗೊ, ಕ್ಲ್ಯಾಂಗ್, ಲಿಬ್‌ಎಲ್ಫ್ ಬೇಕಾಗುತ್ತವೆ. ಕ್ಲ್ಯಾಂಗ್ ಹಳೆಯದಾದರೆ ಅಲ್ಲೇ ಎಡವುತ್ತದೆ, 17 ಅಥವಾ ಅದಕ್ಕಿಂತ ಹೊಸದನ್ನು ಹಾಕಿ.

ಸಿದ್ಧವಾದ ಮೇಲೆ ಅದನ್ನು ಸೇವೆಯಾಗಿ ಕಟ್ಟಿಹಾಕಬೇಡಿ. ಒಂದು ಟರ್ಮಿನಲ್ ತೆರೆದು, ‘ಸುಡೊ’ ಜೊತೆ ಎಲ್‌ಎವಿಡಿಯನ್ನು ನೇರವಾಗಿ ಓಡಿಸಿ. ಅದು ಓಡುತ್ತಿರುವಷ್ಟು ಹೊತ್ತು ಸಾಮಾನ್ಯ ಕೆಲಸಗಳೆಲ್ಲವೂ ಅದರ ಕೈಯಲ್ಲಿ. ‘ಸ್ಟೇಟ್’ ಫೈಲ್ ಈಗ ‘ಎನೇಬಲ್ಡ್’ ಎನ್ನುತ್ತದೆ. ‘ರೂಟ್’ ಒಳಗಿನ ‘ಆಪ್ಸ್’ ಫೈಲ್‌ನಲ್ಲಿ ಶೆಡ್ಯೂಲರ್‌ನ ಹೆಸರು ಕಾಣುತ್ತದೆ. ಕಂಟ್ರೋಲ್-ಸಿ ಒತ್ತಿದ ತಕ್ಷಣ ಎಲ್ಲವೂ ಇಇವಿಡಿಎಫ್‌ಗೆ ಹಿಂದಿರುಗುತ್ತದೆ.

ಕೆಟ್ಟು ಕೂರುವ ಭಯಕ್ಕೆ ಉತ್ತರ: ಸೇರಿಸುವ ಮುನ್ನ ಬಿಪಿಎಫ್ ಪರಿಶೀಲಕ ಪ್ರೋಗ್ರಾಮನ್ನು ತಪಾಸಣೆ ಮಾಡುತ್ತದೆ. ಓಡುವಾಗ ಯಾವುದಾದರೂ ಕೆಲಸಕ್ಕೆ 30 ಸೆಕೆಂಡ್‌ವರೆಗೂ ಸರದಿ ಸಿಗದಿದ್ದರೆ ಕರ್ನೆಲ್‌ನ ಕಾವಲು ವ್ಯವಸ್ಥೆ ಆ ಶೆಡ್ಯೂಲರ್ ಅನ್ನು ಕಿತ್ತುಹಾಕಿ ಹಳೆಯದಕ್ಕೆ ಮರಳುತ್ತದೆ. ಅಷ್ಟು ಕಾಯಲಾಗದಿದ್ದರೆ ಸಿಸ್‌ಆರ್‌ಕ್ಯು ಕೀಲಿಯೊಂದಿಗೆ ದೊಡ್ಡ ‘ಎಸ್’ (ಶಿಫ್ಟ್ ಸಹಿತ) ಒತ್ತಿದರೂ ಅದೇ ಆಗುತ್ತದೆ, ಆ ಕೀಲಿಗೆ ನಿಮ್ಮ ವಿತರಣೆಯಲ್ಲಿ ಅನುಮತಿ ಇರಬೇಕಷ್ಟೇ. ಆದರೂ ಮೊದಲ ಸಲ ಓಡಿಸುವ ಮುನ್ನ ಪ್ರಾಜೆಕ್ಟ್ ಉಳಿಸಿಕೊಂಡಿರಿ.

ವೀಣೆ_ಮೈಸೂರು

ನಾನು ಮನೆಯಲ್ಲೇ ವೀಣೆ ಧ್ವನಿಮುದ್ರಣ ಮಾಡುತ್ತೇನೆ. ಮುದ್ರಣದ ನಡುವೆ ಆಗಾಗ ‘ಚಟ್’ ಎಂಬ ಸದ್ದು ಸೇರಿಕೊಳ್ಳುತ್ತದೆ. ಆಲಾಪನೆಯ ನಡುವೆ ಅದು ಬಂದರೆ ಮತ್ತೆ ಮೊದಲಿನಿಂದ ನುಡಿಸಬೇಕು. ಎಲ್‌ಎವಿಡಿ ಹಾಕಿದರೆ ಹೋಗುತ್ತದೆಯೇ?

ಕುಕ್ಕರಹಳ್ಳಿ_ಏರಿ (ಮೈಸೂರು)

ಅದರಿಂದ ಹೋಗುವ ಸಾಧ್ಯತೆ ಕಡಿಮೆ. ಲಿನಕ್ಸ್‌ನ ಧ್ವನಿ ನೋಡಿಕೊಳ್ಳುವ ಪೈಪ್‌ವೈರ್‌ನ ಥ್ರೆಡ್‌ಗಳು ಸರಿಯಾಗಿ ಹೊಂದಿಸಿದ ಯಂತ್ರದಲ್ಲಿ ರಿಯಲ್‌ಟೈಮ್ ವರ್ಗದಲ್ಲಿ ಓಡುತ್ತವೆ. ಆ ವರ್ಗ ಇಇವಿಡಿಎಫ್‌ಗೂ ಶೆಡ್-ಎಕ್ಸ್ಟ್‌ಗೂ ಮೇಲಿನದು, ಕೆಳಗಿನವರಲ್ಲಿ ಯಾರಿದ್ದರೂ ಅದಕ್ಕೆ ಸಂಬಂಧವಿಲ್ಲ. ಮೊದಲು ಆ ಥ್ರೆಡ್‌ಗಳಿಗೆ ರಿಯಲ್‌ಟೈಮ್ ಹಕ್ಕು ನಿಜವಾಗಿ ಸಿಕ್ಕಿದೆಯೇ ಎಂದು ‘ಸಿಎಚ್‌ಆರ್‌ಟಿ’ ಆದೇಶದಿಂದ ನೋಡಿ. ಸಿಗದಿದ್ದರೆ ಆರ್‌ಟಿಕಿಟ್ ಸೇವೆ ಓಡುತ್ತಿಲ್ಲದಿರಬಹುದು. ಸಿಕ್ಕಿಯೂ ಸದ್ದು ಬರುತ್ತಿದ್ದರೆ ಬೂಟ್ ಸಾಲಿನಲ್ಲಿ ‘ಪ್ರೀಎಂಪ್ಟ್’ಗೆ ‘ಫುಲ್’ ಕೊಟ್ಟು ನೋಡಿ. ಅದೂ ಸಾಲದಿದ್ದರೆ ಪ್ರೀಎಂಪ್ಟ್-ಆರ್‌ಟಿ ಕರ್ನೆಲ್. ಇಪ್ಪತ್ತು ವರ್ಷ ಹೊರಗಿನ ತೇಪೆಯಾಗಿದ್ದ ಅದು ಕೂಡ ಇದೇ 6.12ರಲ್ಲಿ ಮುಖ್ಯ ಕರ್ನೆಲ್ ಸೇರಿತು.

ಗುತ್ತಲು_ಸ್ಟುಡಿಯೊ (ಮಂಡ್ಯ)

ಎರಡನ್ನೂ ಓಡಿಸಿ ನೋಡಿದೆ. ಒಂದೇ ಪ್ರಾಜೆಕ್ಟ್, ಅದೇ ರೆಂಡರ್, ಅದೇ ಎಫೆಕ್ಟ್.

ಬಿಪಿಎಫ್‌ಲ್ಯಾಂಡ್‌ನಲ್ಲಿ ಪ್ರಿವ್ಯೂ ಸುಧಾರಿಸಿತು, ಆದರೆ ಟೈಪ್ ಮಾಡುವಾಗ ನಡುನಡುವೆ ಒಂದು ಸಣ್ಣ ತಡೆ ಉಳಿದಿತ್ತು. ಎಲ್‌ಎವಿಡಿಯಲ್ಲಿ ಅದೂ ಇಲ್ಲ. ಹೂಮಳೆ ಬೀಳುತ್ತಿರುವಾಗಲೇ ‘ಚಿ. ಸೌ.’ದಿಂದ ಹಿಡಿದು ಎರಡೂ ಮನೆಯವರ ಊರುಗಳವರೆಗೆ ಒಂದೇ ಓಟದಲ್ಲಿ ಟೈಪ್ ಮಾಡಿದೆ, ಒಂದಕ್ಷರವೂ ಹಿಂದೆ ಬೀಳಲಿಲ್ಲ. ಮೆಲ್ಟ್‌ಗೆ ನೈಸ್ 19 ಹಾಗೆಯೇ ಇತ್ತು. ರೆಂಡರ್ ಮುಗಿಯಲು ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಅದು ಗಮನಕ್ಕೆ ಬರುವಷ್ಟಿದೆ.

ಹಾಗಾಗಿ ನಾನು ಇಟ್ಟುಕೊಂಡ ಪದ್ಧತಿ ಇದು: ನೈಸ್ ಯಾವಾಗಲೂ ಇರುತ್ತದೆ. ಗಿರಾಕಿಗಳು ಪಕ್ಕದಲ್ಲಿ ಕುಳಿತಾಗ ಎಲ್‌ಎವಿಡಿ ಓಡಿಸುತ್ತೇನೆ, ಅವರು ಹೋದ ಮೇಲೆ ನಿಲ್ಲಿಸುತ್ತೇನೆ. ರಾತ್ರಿ ರೆಂಡರ್‌ಗಳೆಲ್ಲ ಡೀಫಾಲ್ಟ್ ಶೆಡ್ಯೂಲರ್‌ನಲ್ಲೇ ಓಡುತ್ತವೆ.

ಪಾಂಡವಪುರ

ಈ ಪದ್ಧತಿಗೆ ನನ್ನ ಒಪ್ಪಿಗೆ ಇದೆ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯುವಂತಿದ್ದರೆ ಅದನ್ನು ಅಪಾಯ ಎನ್ನಲಾಗದು. ಆದರೆ ಕರ್ನೆಲ್ ನವೀಕರಣವಾದಾಗಲೆಲ್ಲ ಶೆಡ್ಯೂಲರ್ ಅನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಗಬಹುದು ಎಂಬುದು ನೆನಪಿರಲಿ. ಬಿಪಿಎಫ್ ಶೆಡ್ಯೂಲರ್‌ಗಳಿಗೂ ಕರ್ನೆಲ್‌ಗೂ ನಡುವಿನ ಸಂಪರ್ಕ ಹೀಗೆಯೇ ಇರುತ್ತದೆ ಎಂದು ಕರ್ನೆಲ್‌ನವರು ಮಾತು ಕೊಟ್ಟಿಲ್ಲ. ಲಗ್ನದ ದಿನಗಳು ಶುರುವಾಗುವ ಮುನ್ನ ನವೀಕರಿಸಿ, ಪರೀಕ್ಷಿಸಿ, ಆಮೇಲೆ ಸೀಸನ್ ಮುಗಿಯುವವರೆಗೆ ಕರ್ನೆಲ್ ಮುಟ್ಟಬೇಡಿ.

ಒಂಟಿಕೊಪ್ಪಲು

ಝಡ್‌ರ್‍ಯಾಮ್ ಹಾಕಿದ ಯಂತ್ರಗಳಲ್ಲಿ ಮೆಮೊರಿ ಅಂಕಿ 45ರಿಂದ 10ರ ಕೆಳಗೆ ಇಳಿದಿದೆ. ಮೌಸ್ ನಿಲ್ಲುತ್ತಿಲ್ಲ. ಸರ್ವರ್‌ನಲ್ಲಿ ಬಳಕೆದಾರರ ತೂಕವನ್ನೂ ಸೇರಿಸಿದ್ದೇನೆ. ನಾನೇ ಒಂದು ಖಾತೆಯಿಂದ ಲೂಪ್‌ಗಳನ್ನು ಓಡಿಸಿ, ಇನ್ನೊಂದರಿಂದ ಪ್ರೋಗ್ರಾಮ್ ಕಂಪೈಲ್ ಮಾಡಿದರೆ ಈಗ ತಡೆಯಿಲ್ಲದೆ ಮುಗಿಯುತ್ತದೆ.

ಸರಸ್ವತಿಪುರಂ_ವಿದ್ಯಾರ್ಥಿ

ಇದನ್ನೆಲ್ಲ ಓದಿ ನನಗೇ ಒಂದು ಶೆಡ್ಯೂಲರ್ ಬರೆಯಬೇಕು ಎನಿಸಿದೆ. ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಮಾಡಬಹುದೇ ಸರ್? ಎಲ್ಲಿಂದ ಶುರು ಮಾಡಲಿ? ನನ್ನ ಬಳಿ ಒಂದೇ ಲ್ಯಾಪ್‌ಟಾಪ್ ಇದೆ.

ಕುಕ್ಕರಹಳ್ಳಿ_ಏರಿ (ಮೈಸೂರು)

ಬಹಳ ಸಂತೋಷ. ಒಂದೇ ಲ್ಯಾಪ್‌ಟಾಪ್ ಸಾಕು. ವರ್ಟ್‌ಮಿ-ಎನ್‌ಜಿ ಎಂಬ ಉಪಕರಣವಿದೆ, ಬಿಪಿಎಫ್‌ಲ್ಯಾಂಡ್ ಬರೆದ ಆಂಡ್ರಿಯಾ ರಿಘಿ ಅವರದೇ. ನೀವು ಕಟ್ಟಿದ ಕರ್ನೆಲ್ ಅನ್ನು ವರ್ಚುವಲ್ ಯಂತ್ರದೊಳಗೆ ಕೆಲವೇ ಸೆಕೆಂಡಿನಲ್ಲಿ ಎಬ್ಬಿಸುತ್ತದೆ. ಒಳಗೆ ಏನು ಬಿದ್ದುಹೋದರೂ ನಿಮ್ಮ ಲ್ಯಾಪ್‌ಟಾಪ್ ಸುರಕ್ಷಿತ.

‘ಸಿಂಪಲ್’ ಎಂಬ ಮಾದರಿ ಶೆಡ್ಯೂಲರ್‌ನಿಂದ ಶುರು ಮಾಡಿ. ಅದರ ಬಿಪಿಎಫ್ ಭಾಗ ಒಂದೇ ಕೂರಿಕೆಯಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಮೂರು ಕಡೆ ಗಮನವಿಡಿ: ಎದ್ದ ಕೆಲಸಕ್ಕೆ ಕೋರ್ ಆರಿಸುವ ‘ಸೆಲೆಕ್ಟ್-ಸಿಪಿಯು’, ಅದನ್ನು ಸಾಲಿಗೆ ಸೇರಿಸುವ ‘ಎನ್‌ಕ್ಯೂ’, ಕೋರ್ ಖಾಲಿಯಾದಾಗ ಸಾಲಿನಿಂದ ತೆಗೆದುಕೊಡುವ ‘ಡಿಸ್ಪ್ಯಾಚ್’. ಒಂದು ಸರದಿಗೆ ಸಿಗುವ ಸಮಯದ ಡೀಫಾಲ್ಟ್ ಸ್ಲೈಸ್ 20 ಮಿಲಿಸೆಕೆಂಡ್. ಅದನ್ನು ಇಳಿಸಿದರೆ, ಏರಿಸಿದರೆ ಏನಾಗುತ್ತದೆ ಎಂಬುದೇ ಒಂದು ಒಳ್ಳೆಯ ಅಧ್ಯಾಯವಾಗುತ್ತದೆ.

ಆ ಮಾದರಿ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ ಓಡುತ್ತದೆ. ‘ಎಫ್’ ಆಯ್ಕೆ ಕೊಟ್ಟರೆ ಬಂದವರಿಗೆ ಬಂದ ಕ್ರಮದಲ್ಲೇ ಸರದಿ ಕೊಡುತ್ತದೆ. ಆಗ ಸದಾ ಓಡುವ ಕೆಲಸಗಳು ಸಾಲನ್ನು ತುಂಬಿ, ಆಗೊಮ್ಮೆ ಈಗೊಮ್ಮೆ ಏಳುವ ಕೆಲಸಗಳು ಹಿಂದೆ ಬೀಳುತ್ತವೆ. ಮಂಡ್ಯದವರ ‘ಶ್ರೀ’ ಸಿಕ್ಕಿಕೊಂಡದ್ದರ ಇನ್ನಷ್ಟು ಗಂಭೀರ ರೂಪ ಅದು. ಶೆಡ್ಯೂಲರ್‌ನ ವಿಳಂಬ ಅಳೆಯುವ ‘ಎಸ್‌ಸಿಎಚ್‌ಬೆಂಚ್’ ಓಡಿಸಿ, ಸರಾಸರಿಯನ್ನು ಬದಿಗಿಟ್ಟು 99ನೆಯ ಪರ್ಸೆಂಟೈಲ್‌ನ (ನೂರರಲ್ಲಿ 99 ಸಲ ಮೀರದ) ಎಬ್ಬಿಸುವ ವಿಳಂಬ ಬರೆದುಕೊಳ್ಳಿ. ತಡವರಿಕೆ ಅಡಗಿರುವುದು ಅಲ್ಲಿ. ಇಇವಿಡಿಎಫ್, ತೂಕದ ‘ಸಿಂಪಲ್’, ಸರದಿಯ ‘ಸಿಂಪಲ್’ ಮೂರನ್ನೂ ಒಂದೇ ಹೊರೆಯ ಮೇಲೆ ಅಳೆದು ಅಂಕಿಗಳನ್ನು ಇಲ್ಲಿ ಹಾಕಿ. ಕೋಡ್‌ನಲ್ಲಿ ಎಲ್ಲಿ ಕೈ ಹಾಕಬೇಕು ಎಂಬುದನ್ನು ಆ ಅಂಕಿಗಳನ್ನು ನೋಡಿ ಮಾತಾಡೋಣ.